ಸೀನಿದವರಿಗೆ ಶತಾಯುಸ್ಸು

ಕೇಳುಗರಿಗೆ ನಮಸ್ಕಾರ.

ಚಾಲಿ ಅಡಿಕೆ ಸುಲಿಯುವ ಕಾಲ ಬಂತೆಂದರೆ ಸಾಗರ, ಹೊಸನಗರದ ಕಡೆ ಜಗುಲಿಗಳಲ್ಲಿ ಸೀನಿನ ಸದ್ದು ನಿಲ್ಲುವುದಿಲ್ಲ. ಒಣಗಿದ ಸಿಪ್ಪೆ ಬಿಚ್ಚಿದ ಹಾಗೆ ನಾರಿನ ಸಣ್ಣ ದೂಳು ಏಳುತ್ತದೆ, ಬಿಸಿಲುಕೋಲಿನಲ್ಲಿ ಅದು ತೇಲುವುದು ಕಣ್ಣಿಗೇ ಕಾಣುತ್ತದೆ. ಅಲ್ಲೇ ಆಡುವ ಮಗು ಸೀನುತ್ತದೆ. ಅಜ್ಜಿ ಅದರ ನೆತ್ತಿಯ ಮೇಲೆ ಕೈಯಿಟ್ಟು “ಶತಾಯುಸ್ಸು” ಅನ್ನುತ್ತಾರೆ. ಇನ್ನೊಮ್ಮೆ ಸೀನಿದರೆ “ಚಿರಂಜೀವಿ”. ಅದೇ ಮಗು, ಅಪ್ಪ ಪೇಟೆಗೆ ಹೊರಟು ಚಪ್ಪಲಿ ಮೆಟ್ಟುವಾಗ ಒಂಟಿ ಸೀನು ಸೀನಿತೋ, “ಹೊರಡೋ ಹೊತ್ತಿಗೇ ಸೀನಬೇಕಾ ನಿಂಗೆ?” ಎಂದು ಬೈಸಿಕೊಳ್ಳುತ್ತದೆ. ಹರಸುವ ಮಾತು ಉಳಿಯಬೇಕು, ಬೈಯುವ ಮಾತು ಹೋಗಬೇಕು. ಬೈಸಿಕೊಂಡ ಮಗು ಸೀನು ತಡೆಯುವುದನ್ನು ಕಲಿಯುತ್ತದೆ, ಮತ್ತು ಸೀನು ತಡೆಯುವುದು ಒಳ್ಳೆಯದಲ್ಲ.

ಸೀನು ಹೇಗೆ ಹುಟ್ಟುತ್ತದೆ ನೋಡಿ. ಮೂಗಿನ ಒಳಪೊರೆಗೆ ದೂಳೋ, ಮೆಣಸಿನಕಾಯಿ ಹುರಿದ ಘಾಟೋ ತಾಗಿದರೆ, ಮುಖದ ದೊಡ್ಡ ನರವೊಂದು ಆ ಸುದ್ದಿಯನ್ನು ಮಿದುಳಿನ ಬುಡಕ್ಕೆ ಒಯ್ಯುತ್ತದೆ. ಎದೆ ತುಂಬ ಉಸಿರು ಒಳಗೆ ಬರುತ್ತದೆ, ಗಂಟಲಿನ ಬಾಗಿಲು ಒಂದು ಕ್ಷಣ ಮುಚ್ಚಿಕೊಳ್ಳುತ್ತದೆ, ಎದೆ ಮತ್ತು ಹೊಟ್ಟೆಯ ಸ್ನಾಯುಗಳು ಬಿಗಿಯುತ್ತವೆ. ಬಾಗಿಲು ತೆರೆದ ಕೂಡಲೇ ಗಾಳಿ ನುಗ್ಗಿ ಹೊರಬೀಳುತ್ತದೆ. ಆಗ ಹೃದಯ ನಿಂತುಬಿಡುತ್ತದೆ, ಅದಕ್ಕೇ ಆಯುಸ್ಸು ಹಾರೈಸುವುದು ಎಂದು ಬಹಳ ಜನ ನಂಬಿದ್ದಾರೆ. ಹೃದಯ ನಿಲ್ಲುವುದಿಲ್ಲ. ಎದೆಯೊಳಗಿನ ಒತ್ತಡ ಏರಿಳಿಯುವುದರಿಂದ ಬಡಿತದ ಲಯ ಕೊಂಚ ಆಚೀಚೆ ಆಗಬಹುದು, ಅಷ್ಟೆ.

ಈ ಗಾಳಿ ಹೊರಡುವ ಹೊತ್ತಿಗೆ ಮೂಗು ಹಿಡಿದು ಬಾಯಿ ಮುಚ್ಚಿದರೆ ಒತ್ತಡವೆಲ್ಲ ಒಳಕ್ಕೆ ತಿರುಗುತ್ತದೆ. ಕಿವಿ ಗುಂಯ್ಗುಡುತ್ತದೆ, ಕೆಲವೊಮ್ಮೆ ಕಿವಿಯ ತಮಟೆಗೇ ಪೆಟ್ಟಾಗುತ್ತದೆ. ಇಂಗ್ಲೆಂಡಿನ ಲೆಸ್ಟರ್ ನಗರದ ವೈದ್ಯರು 2018ರಲ್ಲಿ ಒಂದು ಪ್ರಕರಣ ವರದಿ ಮಾಡಿದರು. 34 ವರ್ಷದ ಒಬ್ಬರು ಹೀಗೆ ಸೀನು ತಡೆದು ಗಂಟಲಿನ ಒಳಗೋಡೆ ಹರಿದುಕೊಂಡಿದ್ದರು. ಕುತ್ತಿಗೆ ಊದಿ, ದನಿ ಕುಂದಿ, ಸುಮಾರು ಒಂದು ವಾರ ಮೂಗಿನ ಕೊಳವೆಯಲ್ಲಿ ಆಹಾರ ಕೊಡಬೇಕಾಯಿತು. ಇದು ತೀರಾ ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಆದರೆ ಮಕ್ಕಳಿಗೆ ಮೂಗು ಹಿಡಿಯುವ ಅಭ್ಯಾಸ ಆಗದಂತೆ ನೋಡಿಕೊಳ್ಳಲು ಇಷ್ಟು ಸಾಕು.

ನಮ್ಮ ಹಳೆಯ ವೈದ್ಯರಿಗೂ ಇದು ಗೊತ್ತಿತ್ತು. ಆಯುರ್ವೇದದಲ್ಲಿ ತಡೆಯಬಾರದ ವೇಗಗಳು, ಅಂದರೆ ದೇಹದ ಸಹಜ ಒತ್ತಡಗಳು, 13, ಅವುಗಳಲ್ಲಿ ಸೀನೂ ಒಂದು. ತಡೆದರೆ ತಲೆನೋವು, ಕತ್ತು ಹಿಡಿಯುವುದು, ಇಂದ್ರಿಯಗಳು ದುರ್ಬಲವಾಗುವುದು ಎಂದು ವಾಗ್ಭಟನ ‘ಅಷ್ಟಾಂಗ ಹೃದಯ’ ಹೇಳುತ್ತದೆ. ಸಿಕ್ಕಿಹಾಕಿಕೊಂಡ ಸೀನನ್ನು ಹೊರಡಿಸುವುದಕ್ಕೆ ಅಲ್ಲಿ ಹೇಳಿದ ಉಪಾಯಗಳಲ್ಲಿ ಒಂದು ‘ಅರ್ಕವಿಲೋಕನ’, ಅಂದರೆ ಸೂರ್ಯನ ಕಡೆ ನೋಡುವುದು. ಸೂರ್ಯನನ್ನೇ ದಿಟ್ಟಿಸಬೇಡಿ, ಕಣ್ಣಿನ ಒಳಪರದೆ ಸುಡುತ್ತದೆ. ಆದರೆ ಮಾತಿನಲ್ಲಿ ಹುರುಳಿದೆ. ಕತ್ತಲಿನಿಂದ ಥಟ್ಟನೆ ಬೆಳಕಿಗೆ ಬಂದರೆ ಸೀನುವ ಗುಣ ಎಷ್ಟೋ ಜನರಿಗೆ ಹುಟ್ಟಿನಿಂದಲೇ ಇರುತ್ತದೆ, ಅಪ್ಪ ಅಮ್ಮನಿಂದ ಮಕ್ಕಳಿಗೂ ಬರುತ್ತದೆ.

ಇನ್ನು ಮಲೆನಾಡಿನ ಹಳೆಯ ಮನೆಯನ್ನು ನೆನಪಿಸಿಕೊಳ್ಳಿ. ಮಳೆಗೆ ಅಂಜಿ ಇಳಿಸಿ ಕಟ್ಟಿದ ಸೂರು, ಸಣ್ಣ ಕಿಟಕಿ, ಹಗಲಲ್ಲೂ ಮಬ್ಬು ಕವಿದ ನಡುಮನೆ. ಅಲ್ಲಿಂದ ಹೊಸ್ತಿಲು ದಾಟಿದರೆ ಅಡಿಕೆ ಹರವಿದ ಅಂಗಳದ ಬಿಸಿಲು ಕಣ್ಣಿಗೆ ರಾಚುತ್ತದೆ. ಬೆಳಕಿಗೆ ಸೀನುವ ಗುಣ ಇದ್ದವರು ಸೀನುವುದು ಸರಿಯಾಗಿ ಆ ಹೊಸ್ತಿಲಲ್ಲೇ! ಹೊರಡುವವರನ್ನು ಕಳಿಸಲು ಜೊತೆಗೆ ಬಂದ ಮಗುವಿಗೂ ಅದೇ ಬೆಳಕು. ಹೊರಡುವ ಹೊತ್ತಿಗೂ ಸೀನಿಗೂ ನಂಟು ಇದ್ದರೆ ಅದು ಬಿಸಿಲಿನ ನಂಟು, ಕೆಲಸ ಕೆಡುವುದರದ್ದಲ್ಲ.

ಹಾಗಾದರೆ ಆಯುಸ್ಸು ಹಾರೈಸುವುದರಿಂದ ಮಾತ್ರ ಏನು ಬಂತು ಎಂದು ಕೇಳಬಹುದು. ಈ ಪ್ರಶ್ನೆಯನ್ನು ಬುದ್ಧ ಕೇಳಿದ್ದಾನೆ. ಧರ್ಮ ಬೋಧಿಸುವಾಗ ಅವನಿಗೆ ಸೀನು ಬಂತು. ಭಿಕ್ಷುಗಳೆಲ್ಲ “ಭಗವಂತ ಬಾಳಲಿ, ಸುಗತ ಬಾಳಲಿ” ಎಂದು ಗಟ್ಟಿಯಾಗಿ ಕೂಗಿದರು, ಬೋಧನೆ ನಡುವೆಯೇ ನಿಂತಿತು. “ಹೀಗಂದ ಮಾತ್ರಕ್ಕೆ ಯಾರಾದರೂ ಬದುಕುತ್ತಾರೆಯೇ, ಸಾಯುತ್ತಾರೆಯೇ?” ಎಂದು ಕೇಳಿದ ಬುದ್ಧ, ಇಲ್ಲವೆಂಬ ಉತ್ತರ ಬಂದಾಗ ಭಿಕ್ಷುಗಳು ಹಾಗೆ ಹೇಳಕೂಡದೆಂದು ನಿಯಮ ಮಾಡಿದ. ಆಮೇಲೆ ಭಿಕ್ಷುಗಳು ಸೀನಿದಾಗ ಊರಿನ ಜನ ಹರಸಿದರು. ಭಿಕ್ಷುಗಳು ಉತ್ತರ ಕೊಡದೆ ಸುಮ್ಮನಿದ್ದರು, ಜನರಿಗೆ ಬೇಸರವಾಯಿತು. ಗೃಹಸ್ಥರಿಗೆ ಇದು ಮಂಗಳದ ಮಾತು, ಅವರು ಹರಸಿದರೆ “ಚಿರಕಾಲ ಬಾಳಿ” ಎಂದು ನೀವೂ ಹೇಳಿ ಎಂದು ಬುದ್ಧ ಅನುಮತಿ ಕೊಟ್ಟ. ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿರುವ ಈ ತೀರ್ಮಾನಕ್ಕಿಂತ ಒಳ್ಳೆಯದು ಸೀನಿನ ವಿಷಯದಲ್ಲಿ ಇನ್ನೊಂದಿಲ್ಲ. ಆ ಮಾತಿನಿಂದ ಆಯುಸ್ಸು ಬೆಳೆಯುವುದಿಲ್ಲ, ಆದರೂ ಪ್ರೀತಿಯಿಂದ ಅಂದವರಿಗೆ ಮರುಮಾತು ಸಲ್ಲಬೇಕು.

ಯಾರು ಯಾರಿಗೆ ಹೇಳುವುದು? ನಮ್ಮಲ್ಲಿ ಹಿರಿಯರು ಕಿರಿಯರಿಗೆ ಹೇಳುತ್ತಾರೆ. ಹಿರಿಯರು ಸೀನಿದರೆ ಕಿರಿಯರು ಆಯುಸ್ಸು ಹರಸುವ ರೂಢಿ ಇಲ್ಲ, ಸೀನಿದವರೇ “ಹರಿ ಹರಿ”, “ಶಿವ ಶಿವ” ಅಂದುಕೊಳ್ಳುತ್ತಾರೆ. ಮುಸ್ಲಿಮರಲ್ಲಿ ಇದು ಮೂರು ಮಾತಿನ ಕ್ರಮ. ಸೀನಿದವರು ಮೊದಲು “ಅಲ್‌ಹಮ್ದುಲಿಲ್ಲಾಹ್” ಎಂದು ದೇವರನ್ನು ಸ್ತುತಿಸಬೇಕು, ಕೇಳಿದವರು “ಯರ್‌ಹಮುಕಲ್ಲಾಹ್”, ದೇವರು ಕರುಣೆ ತೋರಲಿ ಎನ್ನಬೇಕು, ಅದಕ್ಕೆ ಸೀನಿದವರು ದೇವರು ನಿಮಗೆ ದಾರಿ ತೋರಲಿ ಎಂದು ಮರುಹಾರೈಸಬೇಕು. ಸೀನು ಮೂರನ್ನು ಮೀರಿದರೆ ಅದು ನೆಗಡಿ, ಮತ್ತೆ ಮತ್ತೆ ಹೇಳಬೇಕಿಲ್ಲ.

ಸೀನುವುದಕ್ಕೂ ಒಂದು ಪದ್ಧತಿ ಇದೆ. ಸೀನಿನ ತುಂತುರು ಏಳೆಂಟು ಮೀಟರ್ ದೂರ ಹೋಗಬಲ್ಲದು, ಅಂದರೆ ದೊಡ್ಡ ಜಗುಲಿಯ ಈ ತುದಿಯಿಂದ ಆ ತುದಿಗೆ. ಮುಖ ಪಕ್ಕಕ್ಕೆ ತಿರುಗಿಸಿ, ಮೊಣಕೈಯ ಒಳಮಡಿಕೆಗೆ ಇಲ್ಲವೆ ಟವೆಲಿಗೆ ಸೀನಿ. ಮೂಗನ್ನು ಒತ್ತಬೇಡಿ, ಬಾಯಿ ಸಡಿಲವಾಗಿರಲಿ. ಅಂಗೈಗೆ ಸೀನಿದರೆ ಸೋಪು ಹಾಕಿ 20 ಸೆಕೆಂಡು ತೊಳೆಯಿರಿ. ಸೊಂಟ ನೋವಿದ್ದವರು ಬಗ್ಗಿ ಸೀನಬೇಡಿ, ನೆಟ್ಟಗೆ ನಿಂತು ಮೇಜಿಗೋ ಗೋಡೆಗೋ ಕೈಕೊಡಿ. ಹೊಟ್ಟೆಯ ಆಪರೇಷನ್ ಆದವರು, ಸಿಸೇರಿಯನ್ ಆದ ಬಾಣಂತಿಯರು ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದರೆ ನೋವು ಕಡಿಮೆ. ಎಳೆಕೂಸು ದಿನಕ್ಕೆ ಹಲವು ಸಲ ಸೀನುವುದು ಸಹಜ, ಅದು ಮೂಗು ಚೊಕ್ಕ ಮಾಡಿಕೊಳ್ಳುವ ರೀತಿ. ಜೊತೆಗೆ ಜ್ವರ ಬಂದರೆ, ಹಾಲು ಬಿಟ್ಟರೆ, ಉಸಿರಾಡಲು ಕಷ್ಟಪಟ್ಟರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.

ಒಂಟಿ ಸೀನಾದರೆ ಒಂದು ಗಳಿಗೆ ಕೂತು, ಒಂದು ಲೋಟ ನೀರು ಕುಡಿದು ಹೊರಡುವ ರೂಢಿ ಹಲವು ಮನೆಗಳಲ್ಲಿದೆ. ಬಸ್ಸಿಗೆ ಹೊತ್ತಿದ್ದರೆ ಕುಡಿಯಿರಿ, ಪ್ರಯಾಣಕ್ಕೆ ಮೊದಲು ನೀರು ಒಳ್ಳೆಯದೇ. ಆದರೆ ಲೋಟ ಕೈಗೆ ತೆಗೆದುಕೊಳ್ಳುವ ಮೊದಲು ಬಾಗಿಲ ಬಳಿ ಅಳುಮುಖ ಮಾಡಿಕೊಂಡು ನಿಂತ ಆ ಮಗುವಿನ ನೆತ್ತಿ ಮುಟ್ಟಿ, “ಶತಾಯುಸ್ಸು ಮಗಾ” ಅನ್ನಿ.

ನಮಸ್ಕಾರ.