ಮಾತಾಡಿದವರಿಗೆ ಏನಾಯ್ತು? ಸೈಕಲ್ ರೇಸ್, ಡೋಪಿಂಗ್ ಮತ್ತು ನಮ್ಮ ನಂಬಿಕೆ

ಎಲ್ಲರಿಗೂ ನಮಸ್ಕಾರ.

ಜುಲೈ ಬಂತೆಂದರೆ ನಮ್ಮಲ್ಲಿ ಹಲವರ ರಾತ್ರಿ ಊಟ ಟಿವಿ ಮುಂದೆಯೇ. ಫ್ರಾನ್ಸಿನ ದೊಡ್ಡ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ನ ಕೊನೆಯ ಬೆಟ್ಟ ಶುರುವಾಗುವುದು ನಮ್ಮ ಎಂಟು, ಎಂಟೂವರೆಗೆ. ಒಬ್ಬ ಸೀಟಿನಿಂದ ಎದ್ದು ಪೆಡಲ್ ತುಳಿಯುತ್ತಾನೆ. ಉಳಿದವರು ನೋಡನೋಡುತ್ತಲೇ ಹಿಂದೆ ಬೀಳುತ್ತಾರೆ. ಆಗಲೇ ಗೆಳೆಯರಿಂದ ಮೆಸೇಜ್ ಬರುತ್ತದೆ: ‘ಇದು ನಿಜಾನಾ?’ ಅಂದರೆ, ಡೋಪಿಂಗ್ ಮಾಡದೆ, ನಿಷೇಧಿತ ಔಷಧಿ ತೆಗೆದುಕೊಳ್ಳದೆ ಹೀಗೆ ಓಡಿಸಲು ಆಗುತ್ತದಾ ಅಂತ. ಈ ಪ್ರಶ್ನೆ ಕೇಳುವವರನ್ನು ಸುಮ್ನೆ ಬೈಯುವವರಿದ್ದಾರೆ. ನಾನು ಬೈಯುವುದಿಲ್ಲ. ಈ ಆಟವೇ ಆ ಪ್ರಶ್ನೆಯನ್ನು ನಮಗೆ ಕಲಿಸಿದೆ.

2024ರ ಜುಲೈ 14ರಂದು ಪಿರನೀಸ್‌ನ ಪ್ಲಾಟೊ ದ ಬೇಯ್ ಏರನ್ನು ಸ್ಲೊವೇನಿಯಾದ ಸವಾರ ತದೇಯ್ ಪೊಗಾಚಾರ್ ಸುಮಾರು 40 ನಿಮಿಷದಲ್ಲಿ ಹತ್ತಿದರು. ಉದ್ದ ಹತ್ತಿರ ಹತ್ತಿರ 16 ಕಿಲೋಮೀಟರ್. ಇಲ್ಲಿ ನಂದಿ ಬೆಟ್ಟ ಹತ್ತುವವರು ಬಹಳ ಇದ್ದೀರಿ, ಅದರ ಎರಡರಷ್ಟು ಅಂದುಕೊಳ್ಳಿ. 1998ರಲ್ಲಿ ಇಟಲಿಯ ಮಾರ್ಕೊ ಪಂತಾನಿ ಮಾಡಿದ್ದ ದಾಖಲೆಗಿಂತ ಇದು ಮೂರು ನಿಮಿಷಕ್ಕೂ ಜಾಸ್ತಿ ಬೇಗ. ಪಂತಾನಿಯವರ 1998ರ ಮೂತ್ರದ ಸ್ಯಾಂಪಲ್‌ನಲ್ಲಿ ಇಪಿಒ ಎಂಬ ನಿಷೇಧಿತ ಔಷಧಿ ಇತ್ತೆಂದು ಫ್ರಾನ್ಸಿನ ಸೆನೆಟ್ 2013ರಲ್ಲಿ ಹೊರಹಾಕಿತು. ಪೊಗಾಚಾರ್ ಯಾವ ಟೆಸ್ಟ್‌ನಲ್ಲೂ ಸಿಕ್ಕಿಬಿದ್ದಿಲ್ಲ. ಈಗ ಸೈಕಲ್ ಬೇರೆ, ಟೈರ್ ಬೇರೆ. ಗಂಟೆಗೆ 100 ಗ್ರಾಂಗಿಂತ ಹೆಚ್ಚು ಕಾರ್ಬೋಹೈಡ್ರೇಟ್ ತಿನ್ನುತ್ತಾ ಓಡಿಸುತ್ತಾರೆ. ಮೊದಲಿಂದಲೇ ಪೂರ್ತಿ ವೇಗದಲ್ಲಿ ಹತ್ತುತ್ತಾರೆ. ಇಷ್ಟೆಲ್ಲ ಸೇರಿ ಮೂರು ನಿಮಿಷ ಆಗಬಹುದು. ಬರೀ ಗಡಿಯಾರ ನೋಡಿ ಒಬ್ಬನನ್ನು ಕಳ್ಳ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಆದರೆ ‘ಟೆಸ್ಟ್‌ನಲ್ಲಿ ಸಿಕ್ಕಿಲ್ಲ’ ಅನ್ನುವ ಮಾತೂ ಸಾಲದು. ಯಾಕೆ ಅಂತ ಹೇಳುತ್ತೇನೆ. ಇಪಿಒ ನಮ್ಮ ಕಿಡ್ನಿಯೇ ತಯಾರಿಸುವ ಹಾರ್ಮೋನು. ಹೊರಗಿಂದ ಚುಚ್ಚಿಕೊಂಡರೆ ಕೆಂಪು ರಕ್ತಕಣ ಜಾಸ್ತಿಯಾಗುತ್ತದೆ, ಸ್ನಾಯುಗಳಿಗೆ ಆಮ್ಲಜನಕ ಜಾಸ್ತಿ ಸಿಗುತ್ತದೆ. 1990ರ ದಶಕದಲ್ಲಿ ಅದನ್ನು ಹಿಡಿಯುವ ಟೆಸ್ಟೇ ಇರಲಿಲ್ಲ. 1997ರಲ್ಲಿ ಒಂದು ಮಿತಿ ಬಂತು: ರಕ್ತದಲ್ಲಿ ಕೆಂಪು ಕಣದ ಪಾಲು ಶೇಕಡಾ 50 ದಾಟಬಾರದು. ಅಂದರೆ 49ರವರೆಗೆ ಏರಿಸಿಕೊಂಡವನಿಗೆ ಕೇಳುವವರಿಲ್ಲ. 1998ರಲ್ಲಿ ಫೆಸ್ಟಿನಾ ಎಂಬ ಸೈಕಲ್ ತಂಡದ ಸಹಾಯಕ ವಿಲ್ಲಿ ವೂಟ್ ಕಾರಿನ ತುಂಬ ಔಷಧಿ ಸಮೇತ ಸಿಕ್ಕಿದರು. ಹಿಡಿದದ್ದು ಲ್ಯಾಬ್ ಅಲ್ಲ, ಬೆಲ್ಜಿಯಂ ಗಡಿಯ ಕಸ್ಟಮ್ಸ್‌ನವರು. ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಏಳು ಟೂರ್ ಗೆದ್ದರು. ನೂರಾರು ಟೆಸ್ಟ್ ಕೊಟ್ಟಿದ್ದೇನೆ ಅಂತ ಹೇಳಿಕೊಂಡೇ ಓಡಾಡಿದರು. 2012ರಲ್ಲಿ ಏಳೂ ಹೋದವು. ಅವರನ್ನು ಬೀಳಿಸಿದ್ದು ಮುಖ್ಯವಾಗಿ ಜೊತೆಗಿದ್ದವರ ಸಾಕ್ಷಿ.

ಈ ಸಾಕ್ಷಿಗಳ ವಿಷಯಕ್ಕೆ ಬರೋಣ. ನನಗೆ ಇವತ್ತು ಹೇಳಬೇಕಿರುವುದು ಇದೇ.

2004ರ ಟೂರ್, 18ನೇ ಹಂತ. ಆರು ಜನ ಮುಂದೆ ಹೋಗಿದ್ದರು. ಅವರನ್ನು ಸೇರಲು ಇಟಲಿಯ ಫಿಲಿಪ್ಪೊ ಸಿಮಿಯೋನಿ ಗುಂಪಿನಿಂದ ಹೊರಟರು. ಒಟ್ಟಾರೆ ಪಟ್ಟಿಯಲ್ಲಿ ಅವರು ಎಲ್ಲೋ ಕೆಳಗಿದ್ದವರು, ಅವರಿಂದ ಯಾರಿಗೂ ಅಪಾಯವಿರಲಿಲ್ಲ. ಆದರೂ ಒಟ್ಟಾರೆ ಮೊದಲ ಸ್ಥಾನದಲ್ಲಿರುವವನು ತೊಡುವ ಹಳದಿ ಜೆರ್ಸಿಯ ಆರ್ಮ್‌ಸ್ಟ್ರಾಂಗ್ ತಾವೇ ಬೆನ್ನಟ್ಟಿ ಬಂದರು. ಸಿಮಿಯೋನಿ ಮಾಡಿದ ತಪ್ಪೇನು ಗೊತ್ತಾ? ಮಿಕೇಲೆ ಫೆರಾರಿ ಎಂಬ ಡಾಕ್ಟರ ವಿರುದ್ಧ ಇಟಲಿಯ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದರು. ಅದೇ ಡಾಕ್ಟರು ಆರ್ಮ್‌ಸ್ಟ್ರಾಂಗ್‌ಗೂ ಸಲಹೆಗಾರ. ಹಳದಿ ಜೆರ್ಸಿ ಜೊತೆಗಿದ್ದರೆ ಹಿಂದಿನ ತಂಡಗಳು ಬಿಡುವುದಿಲ್ಲ, ಮುಂದಿದ್ದವರನ್ನೆಲ್ಲ ಹಿಡಿದುಬಿಡುತ್ತವೆ. ಹಾಗಾಗಿ ಮುಂದಿದ್ದವರ ಒತ್ತಾಯಕ್ಕೆ ಸಿಮಿಯೋನಿ ವಾಪಸಾದರು, ಆರ್ಮ್‌ಸ್ಟ್ರಾಂಗೂ ವಾಪಸಾದರು. ಆಮೇಲೆ ಆರ್ಮ್‌ಸ್ಟ್ರಾಂಗ್ ಕ್ಯಾಮೆರಾ ಮುಂದೆ ತುಟಿಯ ಮೇಲೆ ಬೆರಳೆಳೆದು ಬಾಯಿಗೆ ಜಿಪ್ ಹಾಕಿದಂತೆ ಸನ್ನೆ ಮಾಡಿದರು. ಇದು ಗುಟ್ಟಾಗಿ ನಡೆದದ್ದಲ್ಲ. ಲಕ್ಷಾಂತರ ಜನ ಟಿವಿಯಲ್ಲಿ ನೋಡಿದರು. ಆ ಗುಂಪಿನಲ್ಲಿ ಸಿಮಿಯೋನಿಯ ಪರ ನಿಂತವರು ಬಹುತೇಕ ಇಲ್ಲ.

ಅದಕ್ಕೂ ಐದು ವರ್ಷ ಮೊದಲು ಫ್ರಾನ್ಸಿನ ಕ್ರಿಸ್ಟೋಫ್ ಬಸ್ಸೊನ್ ಇದ್ದರು. ಫೆಸ್ಟಿನಾದಲ್ಲಿದ್ದೂ ಔಷಧಿ ಮುಟ್ಟದವರು. 1999ರ ಟೂರ್ ನಡೆಯುವಾಗಲೇ ಪತ್ರಿಕೆಗೆ ಬರೆಯುತ್ತಾ, ಈ ವೇಗ ನಂಬುವ ಹಾಗಿಲ್ಲ ಅಂದರು. ಆರ್ಮ್‌ಸ್ಟ್ರಾಂಗ್ ಪಕ್ಕಕ್ಕೆ ಬಂದು, ಹೀಗೆ ಮಾತಾಡುವುದಾದರೆ ಈ ಕಸುಬು ಬಿಟ್ಟುಬಿಡು ಅಂದರು. ಸ್ವಂತ ತಂಡದವರೂ ಮುಖ ತಿರುಗಿಸಿದರು. ಬಸ್ಸೊನ್ ಟೂರ್ ಮಧ್ಯದಲ್ಲೇ ಮನೆಗೆ ಹೋದರು. ಎರಡು ವರ್ಷದಲ್ಲಿ ವೃತ್ತಿಯನ್ನೇ ಬಿಟ್ಟರು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಏಳು ಪ್ರಶಸ್ತಿ ಕಿತ್ತುಕೊಂಡರು, ಸರಿ. ಬಸ್ಸೊನ್‌ಗೆ ಹೋದ ವರ್ಷಗಳನ್ನು ಯಾರು ವಾಪಸ್ ಕೊಡುತ್ತಾರೆ?

ಹಾಗಾಗಿ ಒಂದು ತಂಡ ನಂಬಿಕೆಗೆ ಯೋಗ್ಯವೋ ಅಲ್ಲವೋ ಅಂತ ನೋಡುವಾಗ ನಾನು ಬೆಟ್ಟದ ಟೈಮಿಂಗ್‌ಗಿಂತ ಮೊದಲು ಇದನ್ನು ನೋಡುತ್ತೇನೆ: ಅಲ್ಲಿ ಪ್ರಶ್ನೆ ಕೇಳಿದವರಿಗೆ ಏನಾಗುತ್ತದೆ? ಪತ್ರಕರ್ತರಿಗೆ ಉತ್ತರ ಸಿಗುತ್ತದಾ, ಬಾಗಿಲು ಮುಚ್ಚುತ್ತಾರಾ? ಸಿಕ್ಕಿಬಿದ್ದ ಕಾಲದ ಮ್ಯಾನೇಜರುಗಳು, ಡಾಕ್ಟರುಗಳು ಇನ್ನೂ ಅಲ್ಲೇ ಕೂತಿದ್ದಾರಾ? ಈ ಲೆಕ್ಕ ಹಾಕೋಕೆ ಪೆಡಲ್ ತುಳಿಯುವ ಶಕ್ತಿ ಅಳೆಯುವ ವಾಟ್ ಮೀಟರ್ ಬೇಡ.

ಅಭಿಮಾನಿಗಳಿಗೂ ಒಂದು ಮಾತು. 2015ರಲ್ಲಿ ರಸ್ತೆ ಬದಿಯಿಂದ ಯಾರೋ ಬ್ರಿಟನ್ನಿನ ಸವಾರ ಕ್ರಿಸ್ ಫ್ರೂಮ್ ಮೇಲೆ ಮೂತ್ರ ಎರಚಿದರು. ಫ್ರೂಮ್ ಮೇಲೆ ಆಗ ಯಾವ ಕೇಸೂ ಇರಲಿಲ್ಲ. 2017ರಲ್ಲಿ ಅಸ್ತಮಾ ಔಷಧಿ ಸಾಲ್ಬ್ಯುಟಮಾಲ್ ಮಿತಿ ಮೀರಿದ ವಿಷಯ ಬಂತು, ಮರುವರ್ಷ ಆ ಕೇಸನ್ನು ಮುಚ್ಚಿದರು. ಅನುಮಾನ ಪಡಿ, ಜೋರಾಗಿ ಕೇಳಿ. ಕೈ ಮಾಡಬೇಡಿ, ಉಗಿಯಬೇಡಿ. ಆ ವೇಗದಲ್ಲಿ ಬರುವವನು ಬಿದ್ದರೆ ಜೀವವೇ ಹೋಗಬಹುದು.

ವ್ಯವಸ್ಥೆ ಈಗ ಮೊದಲಿನಷ್ಟು ಕೆಟ್ಟಿಲ್ಲ, ನಿಜ. 2008ರಿಂದ ಬಯೋಲಾಜಿಕಲ್ ಪಾಸ್‌ಪೋರ್ಟ್ ಇದೆ. ಒಬ್ಬ ಸವಾರನ ರಕ್ತದ ಅಂಕಿಅಂಶವನ್ನು ವರ್ಷಗಟ್ಟಲೆ ಹೋಲಿಸಿ ಏರುಪೇರು ಹುಡುಕುತ್ತಾರೆ. ಆದರೆ ಸ್ವಲ್ಪ ಸ್ವಲ್ಪವೇ ತೆಗೆದುಕೊಳ್ಳುವವನನ್ನು ಹಿಡಿಯುವುದು ಇದಕ್ಕೂ ಕಷ್ಟ. ಸ್ಯಾಂಪಲ್‌ಗಳನ್ನು ಹತ್ತು ವರ್ಷ ಇಟ್ಟು ಹೊಸ ವಿಧಾನದಲ್ಲಿ ಮತ್ತೆ ಪರೀಕ್ಷಿಸಲು ನಿಯಮದಲ್ಲಿ ಅವಕಾಶವಿದೆ. ಹಾಗೆ ಮರುಪರೀಕ್ಷೆ ಮಾಡಿದ್ದರ ವಿವರವನ್ನು ಪ್ರತಿ ವರ್ಷ ಪ್ರಕಟಿಸಲಿ: ಎಷ್ಟು ಸ್ಯಾಂಪಲ್ ತೆರೆದರು, ಯಾವ ರೇಸ್‌ನವು, ಏನು ಸಿಕ್ಕಿತು. ಏನೂ ಸಿಗದಿದ್ದರೆ ಅದನ್ನೂ ಹೇಳಲಿ. ಸ್ವಚ್ಛವಾಗಿ ಗೆದ್ದವರಿಗೆ ಅದಕ್ಕಿಂತ ಒಳ್ಳೆಯ ಪುರಾವೆ ಬೇರೆ ಯಾವುದಿದೆ?

ಪ್ರಶ್ನೆಗಳಿದ್ದರೆ ಕೇಳಿ, ಸಮಯ ಇದೆ.