‘ಗೋ’ ಮನೆಗೆ ಬಂದ ‘ವೆಂಟ್’

ಕೇಳುಗರೇ, ನಮಸ್ಕಾರ.

ನನ್ನ ತಂಗಿಯ ಮಗಳಿಗೆ ಈಗ ಏಳು ವರ್ಷ. ಮೊನ್ನೆ ನೋಟ್‌ಬುಕ್ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. ಮುಖ ಊದಿಕೊಂಡಿತ್ತು. ಅವಳು ಬರೆದ ಒಂದು ವಾಕ್ಯದ ಮೇಲೆ ಕೆಂಪು ಗೆರೆ ಬಿದ್ದಿತ್ತು. ‘ಐ ಗೋಡ್ ಹೋಮ್’ ಅಂತ ಬರೆದಿದ್ದಳು. ‘ಗೋ’ ಪದಕ್ಕೆ ಇ, ಡಿ ಸೇರಿಸಿ ‘ಗೋಡ್’ ಮಾಡಿದ್ದಳು.

‘ದೊಡ್ಡಮ್ಮ, ವಾಕ್ ಆದ್ರೆ ವಾಕ್ಡ್, ಪ್ಲೇ ಆದ್ರೆ ಪ್ಲೇಡ್. ಗೋ ಮಾತ್ರ ಯಾಕೆ ವೆಂಟ್? ಅದರಲ್ಲಿ ಗೋ ಎಲ್ಲಿದೆ?’

ಗೋ, ವೆಂಟ್, ಗಾನ್ ಅಂತ ನಾವೆಲ್ಲ ಬಾಯಿಪಾಠ ಮಾಡಿದವರೇ ಅಲ್ವಾ? ನಾನಂತೂ ಆ ವಯಸ್ಸಿನಲ್ಲಿ ಈ ಪ್ರಶ್ನೆ ಕೇಳಿರಲಿಲ್ಲ. ಅವಳು ಕೇಳಿದ್ದು ಸರಿಯಾಗಿಯೇ ಇದೆ. ‘ವೆಂಟ್’ ಒಳಗೆ ‘ಗೋ’ ಇಲ್ಲ. ಅದು ಇನ್ನೊಂದು ಕ್ರಿಯಾಪದದ ಭೂತಕಾಲ. ಆ ಕ್ರಿಯಾಪದದ ಹೆಸರು ‘ವೆಂಡ್’. ಇವತ್ತು ಅದರ ಕಥೆ ಹೇಳುತ್ತೇನೆ.

ಮೊದಲು ಕಾಗುಣಿತ ನೋಡೋಣ. ಡಬ್ಲ್ಯೂ, ಇ, ಎನ್, ಡಿ. ಇಷ್ಟೇ, ನಾಲ್ಕು ಅಕ್ಷರ. ಆದರೂ ಕನ್ನಡದವರು ಇಲ್ಲಿ ಸುಲಭವಾಗಿ ಎಡವುತ್ತೇವೆ. ಇದೇ ಥರ ಕೇಳಿಸುವ ಇನ್ನೊಂದು ಪದ ಇದೆ, ಅದು ‘ವಿ’ ಅಕ್ಷರದಿಂದ ಶುರುವಾಗುತ್ತದೆ. ಅದರ ಅರ್ಥ ಮಾರುವುದು. ವೆಂಡರ್, ವೆಂಡಿಂಗ್ ಮೆಷಿನ್ ಅನ್ನುತ್ತೇವಲ್ಲ, ಅದು. ಲ್ಯಾಟಿನ್‌ನಿಂದ ಬಂದ ಪದ. ನಮ್ಮ ‘ವೆಂಡ್’ಗೂ ಅದಕ್ಕೂ ಏನೇನೂ ನಂಟಿಲ್ಲ. ನಮ್ಮ ಲಿಪಿಯಲ್ಲಿ ಎರಡಕ್ಕೂ ಒಂದೇ ‘ವ’ ಇರುವುದರಿಂದ ಕಿವಿಗೂ ಒಂದೇ ಆಗಿಬಿಡುತ್ತವೆ. ಹೇಳಿ ನೋಡಿ. ಮಾರುವ ವೆಂಡ್‌ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ನಮ್ಮ ವೆಂಡ್‌ಗೆ ಹಲ್ಲಿನ ಕೆಲಸವೇ ಇಲ್ಲ, ಶಿಳ್ಳೆ ಹಾಕುವವರ ಹಾಗೆ ತುಟಿ ದುಂಡಗೆ ಮಾಡಿದರೆ ಸಾಕು. ಇನ್ನು, ಡಬ್ಲ್ಯೂ ಅಕ್ಷರ ದೊಡ್ಡದಾಗಿ ಬರೆದ ‘ವೆಂಡ್’ ಕಂಡರೆ ಅದು ಒಂದು ಜನಾಂಗದ ಹೆಸರು. ಜರ್ಮನರ ನೆರೆಯಲ್ಲಿದ್ದ ಸ್ಲಾವ್ ಜನರನ್ನು ಹಾಗೆ ಕರೆಯುತ್ತಿದ್ದರು. ಅದೂ ಬೇರೆಯೇ.

ಹಾಗಾದರೆ ‘ವೆಂಡ್’ ಅಂದರೆ ಏನು? ಹೋಗುವುದು. ಆದರೆ ಸುಮ್ನೆ ಹೋಗುವುದಲ್ಲ. ನಿಧಾನವಾಗಿ, ಅಲ್ಲಲ್ಲಿ ತಿರುಗುತ್ತಾ, ಬಳಸುತ್ತಾ ಹೋಗುವುದು. ಒಂದು ಬೆಟ್ಟ ನೆನೆಸಿಕೊಳ್ಳಿ. ಕಾಲುದಾರಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹೊರಳುತ್ತಾ ಮೇಲೆ ಹೋಗಿದೆ. ಅದರ ಮೇಲೆ ಜನ ಸಾಲಾಗಿ ಹತ್ತುತ್ತಿದ್ದಾರೆ. ಸಾಲಿನ ತಲೆ ಒಂದು ತಿರುವಿನಲ್ಲಿ ಮರೆಯಾಗಿ ಇನ್ನೊಂದು ತಿರುವಿನಲ್ಲಿ ಕಾಣುತ್ತದೆ. ಇದಕ್ಕೆ ಹೇಳಿ ಮಾಡಿಸಿದ ಮಾತು ‘ವೆಂಡ್’. ನೇರ ರಸ್ತೆಯಲ್ಲಿ ಓಡುವ ಕಾರಿಗೆ ಇದು ಹೊಂದುವುದಿಲ್ಲ. ಈಗಿನ ಇಂಗ್ಲಿಷ್‌ನಲ್ಲಿ ಇದು ಒಂಟಿಯಾಗಿ ಬರುವುದು ತೀರಾ ಕಡಿಮೆ. ‘ವೇ’ ಅನ್ನುವ ಪದ ಹೆಚ್ಚುಕಮ್ಮಿ ಯಾವಾಗಲೂ ಅದರ ಜೊತೆಗೇ ಇರುತ್ತದೆ. ‘ವೆಂಡ್ ಯುವರ್ ವೇ’, ಅಂದರೆ ನಿಮ್ಮ ದಾರಿ ಹಿಡಿದು ಸಾಗಿ ಅಂತ.

ಈಗ ಇದರ ಬೇರು. ನನಗೆ ಜಾಸ್ತಿ ಇಷ್ಟವಾದ ಭಾಗ ಇದೇ. ಹಳೆಯ ಇಂಗ್ಲಿಷ್‌ನಲ್ಲಿ ಇದರ ರೂಪ ‘ವೆಂಡನ್’. ಆಗ ಅದರ ಮೊದಲ ಅರ್ಥ ತಿರುಗಿಸುವುದು. ಜರ್ಮನ್ ಭಾಷೆಯ ‘ವೆಂಡೆನ್’ ಇದರ ಒಡಹುಟ್ಟು, ಅದಕ್ಕೆ ಇವತ್ತಿಗೂ ತಿರುಗಿಸು ಅಂತಲೇ ಅರ್ಥ. ಇಂಗ್ಲಿಷ್‌ನಲ್ಲಿ ಸುತ್ತುವುದಕ್ಕೆ, ಹೊರಳುವುದಕ್ಕೆ ‘ವೈಂಡ್’ ಅನ್ನುತ್ತಾರೆ. ಮೋಟರಿಗೆ ವೈಂಡಿಂಗ್ ಮಾಡಿಸುತ್ತೇವಲ್ಲ, ಅದೇ ಪದ. ‘ವೈಂಡ್’ ತಾನೇ ತಿರುಗುವುದು, ‘ವೆಂಡ್’ ಇನ್ನೊಂದನ್ನು ತಿರುಗುವಂತೆ ಮಾಡುವುದು. ನಮ್ಮಲ್ಲಿ ‘ತಿರುಗು’ಗೆ ‘ಇಸು’ ಹಚ್ಚಿ ‘ತಿರುಗಿಸು’ ಮಾಡುತ್ತೇವೆ. ಆ ಭಾಷೆಗಳಲ್ಲಿ ಒಳಗಿನ ಸ್ವರ ಬದಲಾಗುತ್ತಿತ್ತು. ಬೀಳುವುದು ‘ಫಾಲ್’, ಮರವನ್ನು ಬೀಳಿಸುವುದು ‘ಫೆಲ್’. ಕೂರುವುದು ‘ಸಿಟ್’, ಕೂರಿಸುವುದು ‘ಸೆಟ್’. ‘ಡ್ರಿಂಕ್’ ಅಂದರೆ ಕುಡಿ. ಅದರ ಜೋಡಿ ‘ಡ್ರೆಂಚ್’ ಅಂದರೆ ಕುಡಿಸು. ಇವತ್ತು ಮಳೆಯಲ್ಲಿ ತೊಯ್ದು ತೊಪ್ಪೆಯಾಗುವುದಕ್ಕೆ ಹೇಳುವ ‘ಡ್ರೆಂಚ್’ ಅದೇ.

ತಿರುಗಿಸು ಅನ್ನುವ ಪದ ಹೋಗು ಅಂತ ಹೇಗಾಯಿತು? ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಬಲಕ್ಕೆ ತಿರುಗು’ ಅನ್ನುತ್ತೇವೆ, ‘ಊರೂರು ತಿರುಗಿದ’ ಅಂತಲೂ ಅನ್ನುತ್ತೇವೆ. ದಾರವನ್ನೂ ಸುತ್ತುತ್ತೇವೆ, ದೇಶವನ್ನೂ ಸುತ್ತುತ್ತೇವೆ. ಎರಡು ಭಾಷೆ ಬೇರೆ ಬೇರೆಯಾಗಿ ಒಂದೇ ದಾರಿಯಲ್ಲಿ ನಡೆದಿವೆ. ಅಲೆದಾಡು ಅನ್ನುವ ಅರ್ಥದ ‘ವಾಂಡರ್’ ಕೂಡ ಇದೇ ಬೇರಿನದು.

ಇನ್ನು ‘ಗೋ’ ವಿಷಯ. ಹಳೆಯ ಇಂಗ್ಲಿಷ್ ಬರಹಗಳಲ್ಲೇ ಅದಕ್ಕೆ ಸ್ವಂತದ ಭೂತಕಾಲ ಇರಲಿಲ್ಲ. ಆಗ ಅದು ಇನ್ನೊಂದು ಬೇರಿನ ‘ಏಒಡೆ’ ಅನ್ನುವ ರೂಪವನ್ನು ಬಳಸುತ್ತಿತ್ತು. ಅದು ಕಾಲಕ್ರಮದಲ್ಲಿ ‘ಯೇಡ್’, ‘ಯೋಡ್’ ಅಂತೆಲ್ಲ ಆಯಿತು. ಅದೇ ಹೊತ್ತಿಗೆ ‘ವೆಂಡ್’ ಚೆನ್ನಾಗಿಯೇ ಓಡಾಡುತ್ತಿತ್ತು. 14ನೇ ಶತಮಾನದ ಕೊನೆಯಲ್ಲಿ ಕವಿ ಚಾಸರ್, ಇಂಗ್ಲೆಂಡಿನ ಮೂಲೆಮೂಲೆಯಿಂದ ಜನ ಕ್ಯಾಂಟರ್ಬರಿಗೆ ಯಾತ್ರೆ ಹೋಗುತ್ತಾರೆ ಅಂತ ಹೇಳುವಾಗ ಬಳಸಿದ್ದು ಇದೇ ಕ್ರಿಯಾಪದ. ‘ಸೆಂಡ್’ಗೆ ‘ಸೆಂಟ್’, ‘ಬೆಂಡ್’ಗೆ ‘ಬೆಂಟ್’, ‘ಸ್ಪೆಂಡ್’ಗೆ ‘ಸ್ಪೆಂಟ್’ ಇದ್ದ ಹಾಗೆ ‘ವೆಂಡ್’ಗೆ ‘ವೆಂಟ್’ ಇತ್ತು. 15ನೇ ಶತಮಾನ ಮುಗಿಯುವ ಹೊತ್ತಿಗೆ ‘ಯೇಡ್’ ಮೂಲೆ ಸೇರಿತ್ತು, ಅದರ ಜಾಗದಲ್ಲಿ ‘ವೆಂಟ್’ ಬಂದು ಕೂತಿತ್ತು. ಗೋ, ಗೋಸ್, ಗೋಯಿಂಗ್, ಗಾನ್ ಎಲ್ಲ ಒಂದೇ ಮನೆಯವು. ನಡುವೆ ಇರುವ ‘ವೆಂಟ್’ ಒಂದೇ ಪಕ್ಕದ ಮನೆಯಿಂದ ಬಂದದ್ದು.

ಇಂಥ ಬೆಸುಗೆ ಇಂಗ್ಲಿಷ್‌ನಲ್ಲಿ ಮಾತ್ರ ಇಲ್ಲ. ಹಿಂದಿಯಲ್ಲಿ ಹೋಗುವುದು ‘ಜಾನಾ’, ಹೋದ ಅನ್ನುವುದಕ್ಕೆ ‘ಗಯಾ’. ಒಂದರ ಬೇರು ‘ಯಾ’, ಇನ್ನೊಂದರದು ‘ಗಮ್’. ಸಂಸ್ಕೃತದಲ್ಲಿ ನೋಡುತ್ತಾನೆ ಅನ್ನುವುದಕ್ಕೆ ‘ಪಶ್ಯತಿ’. ಆದರೆ ದೃಷ್ಟಿ, ದೃಶ್ಯ ಬಂದದ್ದು ‘ದೃಶ್’ ಧಾತುವಿನಿಂದ. ದಿನಾ ಬಾಯಲ್ಲಿ ಆಡುವ ಪದಗಳಲ್ಲೇ ಇದು ಹೆಚ್ಚು. ನಮ್ಮ ‘ಹೋಗು’ ಮಾತ್ರ ಯಾರ ಹತ್ತಿರವೂ ಕೈಯೊಡ್ಡಿಲ್ಲ. ಹಳೆಗನ್ನಡದಲ್ಲಿ ‘ಪೋಗು’, ‘ಪೋದಂ’. ಈಗ ‘ಹೋಗು’, ‘ಹೋದ’. ‘ಪ’ ಹೋಗಿ ‘ಹ’ ಬಂತು, ಬೇರು ಅದೇ ಉಳಿಯಿತು.

ಇಂಗ್ಲಿಷ್ ಮನೆಮಾತಿನ ಮಕ್ಕಳೂ ‘ಗೋಡ್’ ಅನ್ನುತ್ತಾರೆ. ಅದರಲ್ಲೂ ಮೊದಲು ದೊಡ್ಡವರನ್ನು ಕೇಳಿ ‘ವೆಂಟ್’ ಅಂದ ಮಗುವೇ, ನಿಯಮ ತಲೆಗೆ ಹತ್ತಿದ ಮೇಲೆ ‘ಗೋಡ್’ ಅನ್ನುವುದುಂಟು. ಆಮೇಲೆ ಮತ್ತೆ ‘ವೆಂಟ್’ಗೆ ಬರುತ್ತದೆ. ಅಂಥ ಮಗುವನ್ನು ಗದರಬೇಡಿ. ಕಲಿತದ್ದನ್ನೇ ಅದು ಹಚ್ಚಿ ನೋಡುತ್ತಿದೆ. ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯಲ್ಲಂತೂ ‘ಗೇ’ ಅಂದರೆ ಹೋಗು, ‘ಗೇಡ್’ ಅಂದರೆ ಹೋದ. ಅಲ್ಲಿ ದೊಡ್ಡವರೇ ಹಾಗೆ ಮಾತಾಡುತ್ತಾರೆ.

ಇದರಲ್ಲಿ ಅವಳ ವಯಸ್ಸಿಗೆ ತಕ್ಕಷ್ಟನ್ನು ಹೇಳಿದೆ. ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಆಮೇಲೆ ಒಂದೇ ಪ್ರಶ್ನೆ.

‘ಗೋ ವೆಂಟ್‌ನ ತಗೊಂಡುಬಿಡ್ತಲ್ಲ. ಪಾಪ, ವೆಂಡ್ ಏನು ಮಾಡ್ತು?’

‘ಅದು ಹೊಸದೊಂದು ಮಾಡಿಕೊಂಡಿತು ಪುಟ್ಟಿ. ವೆಂಡೆಡ್.’

‘ಇ, ಡಿ ಸೇರಿಸಿ?’

‘ಹೂಂ, ಇ, ಡಿ ಸೇರಿಸಿ.’

ನೋಟ್‌ಬುಕ್ ಎಳೆದುಕೊಂಡು, ಆ ಕೆಂಪು ಗೆರೆಯ ಕೆಳಗೆ, ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದಳು: ‘ಐ ವೆಂಡೆಡ್ ಮೈ ವೇ ಹೋಮ್’.

ನಮಸ್ಕಾರ.