ಅಂಗಿ ಎತ್ತಿ ಎದೆ ನೋಡಿ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಅಂಗನವಾಡಿ ಕಾರ್ಯಕರ್ತೆಯರು, ತಾಯಂದಿರು ಸಕಲೇಶಪುರಕ್ಕೆ ಬಂದಿದ್ದೀರಿ. ನಿಮ್ಮ ಜೊತೆ ಬಂದಿರುವ ಮಕ್ಕಳಲ್ಲಿ ಅರ್ಧಕ್ಕರ್ಧ ಕೆಮ್ಮುತ್ತಿವೆ. ಹಾಗಾಗಿ ಪೀಠಿಕೆ ಬೇಡ ಬಿಡಿ.

ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಆಗ ನಾನು ಹೊಸ ಡಾಕ್ಟರು. ಒಂದು ಜುಲೈ ಸಂಜೆ ಎಸ್ಟೇಟ್ ಕಾರ್ಮಿಕರ ಲೈನ್ ಮನೆಯಿಂದ ಮೂರು ವರ್ಷದ ಹುಡುಗನನ್ನು ಕರೆತಂದರು. ಮಂಕಿ ಕ್ಯಾಪು, ಸ್ವೆಟರು, ಅದರ ಮೇಲೆ ಅಜ್ಜಿಯ ಶಾಲು. ಎರಡು ದಿನದ ನೆಗಡಿ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟೆ. ‘ಜ್ವರ ಇಲ್ಲಮ್ಮ, ಸುಮ್ನೆ ಹೆದರಬೇಡಿ’ ಅಂದು ಸಿರಪ್ ಬರೆದು ಕಳಿಸಿದೆ.

ರಾತ್ರಿ ಹತ್ತಕ್ಕೆ ಅದೇ ಜೀಪು ವಾಪಸ್ ಬಂತು. ಈ ಸಲ ಶಾಲು ತೆಗೆದೆ, ಸ್ವೆಟರು ಎತ್ತಿದೆ. ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆ ಅರಳುತ್ತಿತ್ತು. ಬೆರಳಿಗೆ ಸಿಕ್ಕಿಸಿದ, ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಬರೀ 86 ತೋರಿಸಿತು. ದಾರಿಯುದ್ದಕ್ಕೂ ಆಕ್ಸಿಜನ್ ಕೊಡುತ್ತಾ ಹಾಸನಕ್ಕೆ ಸಾಗಿಸಿದೆವು. ಹುಡುಗ ಉಳಿದ. ಯಾವ ವೈರಸ್ ಅಂತ ಯಾರೂ ಪರೀಕ್ಷೆ ಮಾಡಲಿಲ್ಲ. ಆ ಗುಳಿ ಸಂಜೆಯೇ ಇತ್ತೋ ಏನೋ. ನಾನು ನೋಡಿರಲಿಲ್ಲ, ಅಷ್ಟೇ.

2014ರಲ್ಲಿ ಆ ಹುಡುಗ ಮತ್ತೆ ನೆನಪಾದ. ಆ ಆಗಸ್ಟ್‌ನಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿ ಮತ್ತು ಶಿಕಾಗೋದ ಮಕ್ಕಳ ಆಸ್ಪತ್ರೆಗಳಿಗೆ ಉಸಿರಿಗೆ ಒದ್ದಾಡುವ ಮಕ್ಕಳು ಇದ್ದಕ್ಕಿದ್ದಂತೆ ಜಾಸ್ತಿ ಬರತೊಡಗಿದರು. ಕಾರಣ ಎಂಟರೋವೈರಸ್ ಡಿ68. ಕ್ಯಾನ್ಸಸ್ ಸಿಟಿಯ ಮೊದಲ ವರದಿಯಲ್ಲಿ 19 ಮಕ್ಕಳಿದ್ದರು. ಎಲ್ಲರಿಗೂ ಉಸಿರಾಟದ ತೊಂದರೆ, ಎಲ್ಲರ ರಕ್ತದಲ್ಲೂ ಆಕ್ಸಿಜನ್ ಕಮ್ಮಿ. ಜ್ವರ ಇದ್ದದ್ದು ಬರೀ ಐವರಿಗೆ! 13 ಮಕ್ಕಳಿಗೆ ಮೊದಲೇ ಅಸ್ತಮಾ ಅಥವಾ ಉಬ್ಬಸದ ತೊಂದರೆ ಇತ್ತು. ಮುಂದಿನ ಜನವರಿ ಮಧ್ಯದ ಹೊತ್ತಿಗೆ 49 ರಾಜ್ಯಗಳಲ್ಲಿ ಒಟ್ಟು 1,153 ಜನರಲ್ಲಿ ಸೋಂಕು ಖಚಿತವಾಯಿತು. ಹೆಚ್ಚುಕಮ್ಮಿ ಎಲ್ಲರೂ ಮಕ್ಕಳೇ.

ವೈರಸ್ ಹೊಸದೇನಲ್ಲ. 1962ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿತ್ತು. ‘ಎಂಟರೋ’ ಅಂದರೆ ಕರುಳು. ಆದರೆ ಇದಕ್ಕೆ ಹೊಟ್ಟೆಯ ಹುಳಿ ಆಗುವುದಿಲ್ಲ. ಮೂಗಿನೊಳಗಿನ 33 ಡಿಗ್ರಿ ತಂಪಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಹೆಸರು ಕರುಳಿನದು, ಸಂಸಾರ ಮೂಗಿನಲ್ಲಿ.

ಇದು ಪೋಲಿಯೋ ವೈರಸ್‌ನ ದಾಯಾದಿ. ಅಪರೂಪಕ್ಕೆ, ನೆಗಡಿಯಾದ ಕೆಲವು ದಿನಕ್ಕೆ ಮಗುವಿನ ಕೈಯೋ ಕಾಲೋ ಸೋತುಬಿಡುತ್ತದೆ. ನಮ್ಮ ದೇಶಕ್ಕೆ 2014ರ ಮಾರ್ಚ್‌ನಲ್ಲಿ ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಆದರೂ 15 ವರ್ಷದೊಳಗಿನ ಯಾವ ಮಗುವಿನ ಕೈಕಾಲು ದಿಢೀರನೆ ಸೋತರೂ ತಿಳಿಸಿ ಅಂತ ನಿಮಗೆ ಈಗಲೂ ಹೇಳುತ್ತಾರೆ, ಅಲ್ವಾ? ಪೋಲಿಯೋ ಹೋಯಿತಲ್ಲ, ಇನ್ನೇನು ಅಂತ ಆ ಕೆಲಸ ಬಿಡಬೇಡಿ.

ಡಿ68ಕ್ಕೆ ಲಸಿಕೆ ಇಲ್ಲ, ನೇರ ಔಷಧಿಯೂ ಇಲ್ಲ. ಆಂಟಿಬಯೋಟಿಕ್‌ನಿಂದ ವೈರಸ್ ಸಾಯುವುದಿಲ್ಲ. ಆಕ್ಸಿಜನ್, ಔಷಧಿಯನ್ನು ಹಬೆಯಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಕೊಟ್ಟು ಮಗುವನ್ನು ದಾಟಿಸಬೇಕು, ಅಷ್ಟೇ. ಕೈಗೆ ಸ್ಯಾನಿಟೈಸರ್‌ಗಿಂತ ಸೋಪು ನೀರು ಮೇಲು. ಈ ವೈರಸ್‌ಗೆ ಕೊಬ್ಬಿನ ಹೊದಿಕೆ ಇಲ್ಲ, ಸ್ಯಾನಿಟೈಸರ್‌ಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಅಸ್ತಮಾ ಇರುವ ಮಗುವಿನ ಇನ್ಹೇಲರ್ ಮಳೆಗಾಲದಲ್ಲಿ ನಿಲ್ಲಿಸಬೇಡಿ. ‘ಅಭ್ಯಾಸ ಆಗಿಬಿಡುತ್ತೆ’ ಅಂತ ಹೆದರಿಸುವ ನೆಂಟರು ಎಲ್ಲ ಮನೆಯಲ್ಲೂ ಇರುತ್ತಾರೆ. ದೊಡ್ಡ ಮಕ್ಕಳಿಗೆ ದೊಡ್ಡಪತ್ರೆ ರಸ ಕೊಟ್ಟರೆ ನನ್ನದೇನೂ ತಕರಾರಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಮಾತ್ರ ಬೇಡ. ಎದೆಗೆ ಬರೆ ಅಂತೂ ಯಾರಿಗೂ ಬೇಡ.

ಈಗ ಎಣಿಸುವುದು ಕಲಿಯೋಣ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಉಸಿರು, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಮುಟ್ಟಿದರೆ ಅವತ್ತೇ ಆಸ್ಪತ್ರೆ. ಎದೆಯಲ್ಲಿ ಗುಳಿ ಬಿದ್ದರೆ, ತುಟಿ ನೀಲಿಯಾದರೆ, ಹಾಲು ಕುಡಿಯಲಾಗದಿದ್ದರೆ ಎಣಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಮೂರನೇ ಸಾಲಿನ ಅಮ್ಮ, ನಿಮ್ಮ ಮಗು ನಿದ್ದೆ ಮಾಡುತ್ತಿದೆ ಅಲ್ವಾ? ಒಳ್ಳೇದಾಯಿತು. ಅಳುವ ಮಗುವಿನ ಉಸಿರು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಮೆಲ್ಲಗೆ ಅಂಗಿ ಎತ್ತಿ. ಹೊಟ್ಟೆ ಮೇಲೆದ್ದು ಇಳಿದರೆ ಒಂದು. ಪೂರ್ತಿ ಒಂದು ನಿಮಿಷ, ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಯಾರ ಹತ್ತಿರ ಸೆಕೆಂಡ್ ಮುಳ್ಳಿನ ಗಡಿಯಾರ ಇದೆ?